ತೊಳೆದು ಕೊಟ್ಟ ಸೂಜಿ

ಗಾದಿಗನೂರಿನ ಹನುಮೇಶನಿಗೆ ಎಂಜಲೆಂದರೆ ಆಗುತ್ತಿರಲಿಲ್ಲ. ಸಂಡೂರಿನ ಗಣಿಯಿಂದ ಅದಿರು ತುಂಬಿಕೊಂಡು ಟಿಪ್ಪರ್ ಓಡಿಸುತ್ತಿದ್ದ ಕಾಲದಲ್ಲಿ ಕೆಂಪು ಧೂಳು ಅವನ ಮೂಗು, ಬಾಯಿ, ಕಿವಿಗಳಿಗೆಲ್ಲ ಮೆತ್ತಿಕೊಂಡಿರುತ್ತಿತ್ತು. ಊಟದ ಡಬ್ಬಿಯ ಅನ್ನವೂ ಸ್ವಲ್ಪ ಕೆಂಪಗೇ ಇರುತ್ತಿತ್ತು. ಅದನ್ನೆಲ್ಲ ಅವನು ತುಟಿ ಪಿಟಕ್ಕೆನ್ನದೆ ನುಂಗುತ್ತಿದ್ದ. ಆದರೆ ನೀರಿನ ಬಾಟಲಿಗೆ ಯಾರಾದರೂ ಬಾಯಿ ಹಚ್ಚಿ ಕುಡಿದರೋ, ಮುಗಿಯಿತು, ಆ ಬಾಟಲಿ ಕಿಟಕಿಯಿಂದ ಆಚೆಗೆ ಹಾರುತ್ತಿತ್ತು. ನೀರನ್ನು ಎತ್ತಿ ಕುಡಿಯಬೇಕು. ಅವ್ವ ಕಲಿಸಿದ್ದರಲ್ಲಿ ಅವನ ತಲೆಗೆ ಹತ್ತಿದ್ದು ಅದೊಂದೇ ಎಂದು ಹೆಂಡತಿ ತುಳಸಿ ಆಡಿಕೊಳ್ಳುತ್ತಿದ್ದಳು, ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನೀರು ಎತ್ತಿ ಕುಡಿಯುವ ವಿಷಯದಲ್ಲಿ ಅವನಿಗೆ ಹೊಂದಿಕೆಯಾಗುತ್ತಿದ್ದವನು ಮೌನೇಶ ಒಬ್ಬನೇ. ದರೋಜಿಯವನು. ಇಬ್ಬರೂ ಒಬ್ಬನೇ ಮಾಲೀಕನ ಗಾಡಿಗಳನ್ನು ಓಡಿಸುತ್ತಿದ್ದರು. ಒಮ್ಮೆ ಇಳಿಜಾರಿನ ತಿರುವಿನಲ್ಲಿ ಹನುಮೇಶನ ಟಿಪ್ಪರ್ ಮಗುಚಿ ಬಿತ್ತು. ಡೀಸೆಲ್ ಸೋರುತ್ತಿತ್ತು, ನೋಡುವವರೆಲ್ಲ ದೂರ ನಿಂತು ಕೂಗುತ್ತಿದ್ದರು. ಹಿಂದಿನ ಗಾಡಿಯಲ್ಲಿದ್ದ ಮೌನೇಶ ಹಾರಿ ಬಂದು ಕೈಯಲ್ಲೇ ಗಾಜು ಒಡೆದು ಅವನನ್ನು ಹೊರಗೆಳೆದ. ಅಂಗೈ ಸೀಳಿಹೋಯಿತು, ಆ ಗೆರೆ ಈಗಲೂ ಮೌನೇಶನ ಬಲಗೈಯಲ್ಲಿದೆ. ಅಂದಿನಿಂದ ತುಳಸಿ ಅವನನ್ನು ಅಣ್ಣ ಎಂದಳು. ಬಾಯಿಮಾತಿಗೆ ಅಂದದ್ದಲ್ಲ. ಪ್ರತಿ ನಾಗರ ಪಂಚಮಿಗೆ ಸ್ವಂತ ಅಣ್ಣನಿಗೆ ಕಟ್ಟುವ ಉಂಡಿಯ ಜೊತೆಗೆ ಅವನ ಪಾಲನ್ನೂ ಕಟ್ಟಿ ಇಡುತ್ತಿದ್ದಳು, ಅವನದರಲ್ಲಿ ಶೇಂಗಾ ಉಂಡಿ ಒಂದೆರಡು ಹೆಚ್ಚೇ ಇರುತ್ತಿದ್ದವು.

ಗಾಡಿ ಮಗುಚಿದ ಮೇಲೆ ಹನುಮೇಶನ ಸೊಂಟ ಸರಿಯಾಗಲಿಲ್ಲ. ರಸ್ತೆ ಬದಿಯ ಡಾಕ್ಟರೊಬ್ಬ (ಡಾಕ್ಟರ್ ಅನ್ನುವುದು ಅವನ ಬೋರ್ಡಿನ ಮಾತು) ನೋವಿಗೆಂದು ಇಂಜೆಕ್ಷನ್ ಕೊಟ್ಟ. ನೋವು ಹೋಯಿತು. ನೋವಿನ ಜೊತೆಗೆ ದಣಿವು, ಚಿಂತೆ, ಮಾಲೀಕನ ಬೈಗುಳ ಎಲ್ಲವೂ ಹೋದವು. ಇಂಥ ಸುಖವನ್ನು ಮನುಷ್ಯ ಒಬ್ಬನೇ ಅನುಭವಿಸುತ್ತಾನೆಯೇ? ದೋಸ್ತನಿಗೂ ರುಚಿ ತೋರಿಸಿದ. ಕೆಲವೇ ತಿಂಗಳಲ್ಲಿ ಸೊಂಟದ ನೋವಿದ್ದರೂ ಬೇಕು, ಇಲ್ಲದಿದ್ದರೂ ಬೇಕು ಎಂಬಲ್ಲಿಗೆ ಬಂತು. ಡಾಕ್ಟರನ ಬಳಿ ಹೋಗುವುದು ನಿಂತು, ಇಬ್ಬರೂ ತಾವೇ ಚುಚ್ಚಿಕೊಳ್ಳುವುದು ಶುರುವಾಯಿತು. ಔಷಧದ ಅಂಗಡಿಯವರು ಇವರ ಮುಖ ಗುರುತು ಹಿಡಿದು ಸಿರಿಂಜು ಕೊಡುವುದನ್ನು ನಿಲ್ಲಿಸಿದಾಗ, ಸಿಕ್ಕ ಒಂದನ್ನೇ ಇಬ್ಬರೂ ಬಳಸತೊಡಗಿದರು. ಒಂದೇ ಬಾಟಲಿಗೆ ಬಾಯಿ ಹಚ್ಚದವರು ಒಂದೇ ಸೂಜಿಯನ್ನು ರಕ್ತಕ್ಕೆ ಹಚ್ಚಿಕೊಂಡರು. ಈ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ.

ಹನುಮೇಶನಿಗೆ ತನ್ನ ನರ ತನಗೆ ಸಿಗುತ್ತಿರಲಿಲ್ಲ. ಮೌನೇಶನೇ ಹಾಕಬೇಕು. ಮೌನೇಶ ಯಾವಾಗಲೂ ಮೊದಲು ತಾನು ತೆಗೆದುಕೊಳ್ಳುತ್ತಿದ್ದ. "ಮಾಲು ಹೆಂಗೈತೋ ಏನೋ, ಮೊದಲ ನಾ ನೋಡ್ತೀನಿ. ಏನಾರ ಆದ್ರ ನನಗ ಆಗ್ಲಿ ಬಿಡಲೇ" ಎನ್ನುತ್ತಿದ್ದ. ಆಮೇಲೆ ಸೂಜಿಯನ್ನು ನೀರಿನಲ್ಲಿ ತೊಳೆದು, ಹನುಮೇಶನ ತೋಳು ಹಿಡಿದು, ಮಗುವಿಗೆ ಹಾಕುವಷ್ಟು ಜೋಪಾನವಾಗಿ ಹಾಕುತ್ತಿದ್ದ. ಗಾಡಿ ಹೋಯಿತು, ಕೆಲಸ ಹೋಯಿತು, ತುಳಸಿ ಮಗಳನ್ನು ಕರೆದುಕೊಂಡು ಕಂಪ್ಲಿಯ ತವರಿಗೆ ಹೋಗಿ ಬಾಳೆತೋಟದ ಕೂಲಿಗೆ ನಿಂತಳು. ಆಗಲೂ ಹನುಮೇಶನಿಗೆ ಒಂದು ಸಮಾಧಾನವಿತ್ತು: ಜಗತ್ತಿನಲ್ಲಿ ಯಾರು ಕೈಬಿಟ್ಟರೂ ತನಗಾಗಿ ಮೊದಲು ತಾನು ಚುಚ್ಚಿಸಿಕೊಂಡು ನೋಡುವವನೊಬ್ಬನಿದ್ದಾನೆ.

ಅಷ್ಟೇ ಅಲ್ಲ, ಕೊನೆಗೆ ಅವನನ್ನು ಹೊಸಪೇಟೆಯ ವ್ಯಸನಮುಕ್ತಿ ಕೇಂದ್ರಕ್ಕೆ ತಂದು ಬಿಟ್ಟವನೂ ಮೌನೇಶನೇ. ಟಿ.ಬಿ. ಡ್ಯಾಮಿಗೆ ಹೋಗುವ ರಸ್ತೆಯ ಬದಿಗೆ, ಬೇವಿನ ಮರವಿದ್ದ ಹಳೆಯ ಮನೆ ಅದು. ಹನುಮೇಶ ಕುಸಿದು ಬಿದ್ದಿದ್ದಾಗ ಆಟೋದಲ್ಲಿ ಹಾಕಿಕೊಂಡು ಬಂದ. "ನೀನೂ ಬಾರಲೇ" ಎಂದರೆ "ಮೊದಲ ನೀ ಆರಾಮಾಗು, ನಂದು ನಾ ಬಿಡ್ತೀನಿ" ಎಂದು ಗೇಟಿನಿಂದಲೇ ತಿರುಗಿದ. ಹನುಮೇಶ ಅದನ್ನೂ ಪ್ರೀತಿಯ ಲೆಕ್ಕಕ್ಕೇ ಹಾಕಿದ.

ಮೊದಲ ದಿನಗಳ ನರಳಾಟ, ವಾಂತಿ, ಬೆವರು ಮುಗಿದು ಅವನು ಎದ್ದು ಕೂರುವಂತಾದಾಗ ಗುರುವಾರದ ಕ್ಲಾಸಿಗೆ ಕರೆದರು. ಎಚ್‌ಐವಿ ಬರದಂತೆ ನೋಡಿಕೊಳ್ಳುವುದು ಹೇಗೆಂದು ಕಲಿಸಲು ರೇಣುಕಾದೇವಿ ಎಂಬಾಕೆ ವಾರಕ್ಕೊಮ್ಮೆ ಬರುತ್ತಿದ್ದಳು. ದನಿ ದೊಡ್ಡದು, ನಾಚಿಕೆ ಕಡಿಮೆ. ಗಂಡಸರ ಗುಂಪಿನ ಮುಂದೆ ಸುಗಂಧಿ ಬಾಳೆಹಣ್ಣಿಗೆ ನಿರೋಧ್ ತೊಡಿಸಿ ತೋರಿಸುವಾಗ ಗಂಡಸರೇ ನೆಲ ನೋಡುತ್ತಿದ್ದರೇ ಹೊರತು ಅವಳಲ್ಲ. ಆಮೇಲೆ ಆ ಹಣ್ಣನ್ನು ಯಾರೂ ತಿನ್ನಲಿಲ್ಲವೆಂದು ಅವಳೇ ಸಿಪ್ಪೆ ಸುಲಿದು ತಿಂದಳು.

"ಒಂದ ತಾಟಿನ್ಯಾಗ ಉಂಡ್ರ ಎಚ್‌ಐವಿ ಬರತೈತೇನ್ರಿ?" ಎಂದು ಕೇಳಿದಳು.

"ಬರತೈತ್ರಿ ಅಕ್ಕಾರ" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹನುಮೇಶನ ದನಿಯೇ ಜೋರಾಗಿತ್ತು.

"ಒಬ್ಬರು ಕುಡದ ಲೋಟದಾಗ ಇನ್ನೊಬ್ಬರು ಕುಡದ್ರ?"

"ಬರತೈತ್ರಿ!"

"ಸೂಜಿ ತೊಳದು ಇನ್ನೊಬ್ಬರಿಗೆ ಕೊಟ್ರ?"

"ತೊಳದ ಮ್ಯಾಲ ಏನ್ ಬರತೈತ್ರಿ, ಹೋಗಿರತೈತಿ" ಎಂದ ಹನುಮೇಶ. ಸುತ್ತಲಿನವರು ತಲೆ ಆಡಿಸಿದರು. ಎಂಜಲು ತೊಳೆದರೆ ಹೋಗುತ್ತದೆ ಎಂಬುದು ಅವರೆಲ್ಲ ತಾಯಿ ಮಡಿಲಲ್ಲಿ ಕಲಿತ ಪಾಠ. ಅದನ್ನು ಸೂಜಿಗೂ ಹಚ್ಚಿದ್ದರು, ಅಷ್ಟೇ.

ರೇಣುಕಾದೇವಿ ಬೈಯಲಿಲ್ಲ. ಅಡುಗೆಮನೆಯಿಂದ ಬೀಟ್‌ರೂಟ್ ಬೇಯಿಸಿದ ನೀರನ್ನು ತರಿಸಿದಳು. ಮೊದಲೆಲ್ಲ ಕುಂಕುಮದ ನೀರು ಬಳಸುತ್ತಿದ್ದಳಂತೆ; ಕುಂಕುಮದಲ್ಲಿ ಆಟ ಆಡಬೇಡಿ ಎಂದು ಯಾರೋ ಗಲಾಟೆ ಮಾಡಿದ ಮೇಲೆ ಬೀಟ್‌ರೂಟಿಗೆ ಬಂದಿದ್ದಳು. ಸೂಜಿಯಿಲ್ಲದ ಸಿರಿಂಜಿಗೆ ಆ ಕೆಂಪು ನೀರನ್ನು ಎಳೆದಳು, ಪೂರ್ತಿ ಹೊರಗೆ ತಳ್ಳಿದಳು. "ಖಾಲಿ ಆತೇನ್ರಿ?" ಎಂದಳು. ಆಯಿತು ಎಂದರು. ಗಾಜಿನ ಲೋಟದ ಶುದ್ಧ ನೀರನ್ನು ಎಳೆದು ಇನ್ನೊಂದು ಲೋಟಕ್ಕೆ ಬಿಟ್ಟಳು. ನೀರು ಗುಲಾಬಿಯಾಗಿತ್ತು. ಮತ್ತೆ ತೊಳೆದಳು, ಮತ್ತೊಂದು ಲೋಟಕ್ಕೆ ಬಿಟ್ಟಳು. ತೆಳುವಾಗಿ, ಆದರೂ ಗುಲಾಬಿಯೇ.

"ಈ ಬಣ್ಣರ ಕಣ್ಣಿಗೆ ಕಾಣತೈತಿ. ರಕ್ತದಾಗಿರೋದು ಕಾಣಂಗಿಲ್ಲ. ತಾಟು, ಲೋಟ, ಎಂಜಲು, ಇವುಕ್ಕ ಅಂಜಬ್ಯಾಡ್ರಿ. ಇದಕ್ಕ ಅಂಜ್ರಿ" ಎಂದು ಸಿರಿಂಜನ್ನು ಮೇಲಕ್ಕೆತ್ತಿ ತೋರಿಸಿದಳು. "ಮೊದಲು ತಗೊಂಡಾವಂದು ಎರಡನೇದಾವಗ ಹೊಕ್ಕತಿ. ತಿಳೀತೇನ್ರಿ?"

ಹನುಮೇಶ ಎದ್ದು ನಿಂತ. "ನನ್ನ ದೋಸ್ತ ಯಾವಾಗ್ಲೂ ಮೊದಲ ತಾನ ತಗೊಂತಿದ್ದ ಅಕ್ಕಾರ. ನನಗ ಏನೂ ಆಗಬಾರ್ದಂತ" ಎಂದು ಹೆಮ್ಮೆಯಿಂದಲೇ ಹೇಳಿದ. ಹೇಳುತ್ತಿದ್ದ ಹಾಗೆಯೇ ಅವನ ದನಿ ಸಣ್ಣದಾಯಿತು. ರೇಣುಕಾದೇವಿ ಅವನ ಮುಖ ನೋಡಿ, "ನಾಳೆ ದವಾಖಾನಿಗೆ ಹೋಗಿ ರಕ್ತ ತೋರಿಸ್ಕೊಂಡು ಬರೋಣ್ರಿ, ನಾನೂ ಬರ್ತೀನಿ" ಎಂದಳು.

ರಕ್ತದಲ್ಲಿ ಇತ್ತು. ಒಂದು ಸಲವಲ್ಲ, ಮತ್ತೆ ಮತ್ತೆ ಪರೀಕ್ಷೆ ಮಾಡಿಯೇ ಹೇಳಿದರು. ರೇಣುಕಾದೇವಿ ಪಕ್ಕದಲ್ಲೇ ಕುಳಿತು, ಮಾತ್ರೆ ಪುಕ್ಕಟೆ ಸಿಗುತ್ತದೆ, ದಿನವೂ ತಪ್ಪದೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕಬಹುದು, ಮಗಳ ಮದುವೆ ಮಾಡಬಹುದು, ಮೊಮ್ಮಕ್ಕಳನ್ನು ಆಡಿಸಬಹುದು ಎಂದು ಬಿಡಿಸಿ ಹೇಳಿದಳು. ಹನುಮೇಶ ಎಲ್ಲಕ್ಕೂ ತಲೆಯಾಡಿಸಿದ. ಅವನ ಬಾಯಿಂದ ಬಂದದ್ದು ಒಂದೇ ಮಾತು. "ಸೂಜಿ ತೊಳೀತಿದ್ವಿ ಅಕ್ಕಾರ."

ತುಳಸಿಗೆ ಹೇಳಲೇಬೇಕಿತ್ತು. ಅವಳು ಕಂಪ್ಲಿಯಿಂದ ಬಸ್ಸಿನಲ್ಲಿ ಬಂದಳು, ತಾನೂ ರಕ್ತ ಕೊಟ್ಟಳು. ಅವಳಿಗೆ ಇರಲಿಲ್ಲ. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕೆಂದರು, ಆದರೂ ಅಷ್ಟಕ್ಕೇ ಹನುಮೇಶ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಅತ್ತ. ತುಳಸಿ ಅಳಲಿಲ್ಲ. ಅವನ ಪಕ್ಕ ಒಂದು ಮೊಳ ಬಿಟ್ಟು ಕುಳಿತಿದ್ದಳು. ಸೆರಗು ಸರಿಮಾಡಿಕೊಂಡು, "ಮೌನೇಶಣ್ಣಗೂ ಹೇಳ್ರಿ. ಪಾಪ, ಅವಂಗೂ ಬಂದಿದ್ರೂ ಬಂದಿರಬೇಕು. ಗೊತ್ತಿಲ್ದ ಹಂಗ ತಿರಗಾಡ್ಯಾನು" ಎಂದಳು.

ಆ "ಗೊತ್ತಿಲ್ದ" ಎಂಬ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಯಾಕೆ ಚುಚ್ಚಿತೆಂದು ಅವನಿಗೆ ಆ ಕ್ಷಣಕ್ಕೆ ತಿಳಿಯಲಿಲ್ಲ.

ತಿಳಿದದ್ದು ಮರುದಿನ ಮಧ್ಯಾಹ್ನ, ಊಟವಾದ ಮೇಲೆ ಕೇಂದ್ರದ ನಲ್ಲಿಯಲ್ಲಿ ತನ್ನ ತಟ್ಟೆ ತೊಳೆಯುತ್ತಿದ್ದಾಗ. ಮೌನೇಶ ಯಾವತ್ತೂ ಏನನ್ನೂ ತೊಳೆಯುವವನಾಗಿರಲಿಲ್ಲ. ಅವನ ಊಟದ ಡಬ್ಬಿಯಲ್ಲಿ ನಿನ್ನೆಯ ಸಾರು ಇವತ್ತಿಗೂ ಅಂಟಿಕೊಂಡಿರುತ್ತಿತ್ತು. ಮೊದಮೊದಲು ಸೂಜಿಯನ್ನೂ ಲುಂಗಿಗೆ ಒರೆಸಿ ಕೊಡುತ್ತಿದ್ದ, ಅಷ್ಟೇ. ಹಾಗಾದರೆ ತೊಳೆಯುವುದು ಶುರುವಾದದ್ದು ಯಾವಾಗ? ತಟ್ಟೆ ಕೈಯಲ್ಲೇ ಇತ್ತು, ನಲ್ಲಿ ಸುರಿಯುತ್ತಲೇ ಇತ್ತು. ಸಂಡೂರಿನಲ್ಲಿ ಡ್ರೈವರುಗಳಿಗೆಂದು ಆರೋಗ್ಯ ಕ್ಯಾಂಪ್ ನಡೆದಿತ್ತು. ಕಣ್ಣು ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ರಕ್ತ ತೆಗೆಯುತ್ತಾರೆ ಎಂದಾಗ, ತೋಳಿನ ಮೇಲಿನ ಗುರುತು ಕಂಡುಬಿಡುತ್ತದೆಂದು ಹೆದರಿ ಹನುಮೇಶ ಗಾಡಿಯ ಕೆಳಗೆ ಮಲಗಿಬಿಟ್ಟಿದ್ದ. ಮೌನೇಶ ಹೋಗಿ ರಕ್ತ ಕೊಟ್ಟು ಬಂದಿದ್ದ. ಕೆಲವು ದಿನಗಳ ಮೇಲೆ ಅವನನ್ನು ಮತ್ತೆ ಕರೆಸಿದ್ದರು. ಯಾಕೆಂದು ಕೇಳಿದರೆ, "ರಕ್ತ ಕಡಿಮಿ ಐತಂತ, ಸೊಪ್ಪು ತಿನ್ನು ಅಂದ್ರು" ಎಂದಿದ್ದ. ಅವತ್ತು ಅವನು ಊಟ ಮಾಡಿರಲಿಲ್ಲ.

ಅವತ್ತೇ ಸಂಜೆ ಅವನು ಮೊದಲ ಸಲ ಸೂಜಿ ತೊಳೆದದ್ದು. ಒಮ್ಮೆ ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ತೊಳೆದಿದ್ದ. "ಏನಲೇ ಇಷ್ಟು ಮಡಿ?" ಎಂದು ಹನುಮೇಶ ನಕ್ಕಿದ್ದ. "ನಿನಗ ಎಂಜಲ ಆಗಂಗಿಲ್ಲಲ್ಲೋ, ಅದಕ್ಕ" ಎಂದು ಮೌನೇಶನೂ ನಕ್ಕಿದ್ದ.

ಹನುಮೇಶನಿಗೆ ಈಗ ಲೆಕ್ಕ ಕೂಡಿತು. ಆದರೂ ಅವನು ಒಪ್ಪಲಿಲ್ಲ. ಮನುಷ್ಯ ಹೀಗೇ ನೋಡಿ, ಜ್ವರ ಬಂದರೆ ಒಪ್ಪುತ್ತಾನೆ, ದೋಸ್ತ ಮೋಸ ಮಾಡಿದ ಎಂದರೆ ಒಪ್ಪುವುದಿಲ್ಲ. ಆ ರಸ್ತೆ ಬದಿಯ ಡಾಕ್ಟರನ ಸೂಜಿಯಿಂದಲೇ ಬಂದಿರಬಹುದು ಎಂದುಕೊಂಡ. ಆ ಡಾಕ್ಟರ್ ಯಾವಾಗಲೂ ಹೊಸ ಸೂಜಿಯ ಕವರನ್ನು ಎದುರಿಗೇ ಹರಿಯುತ್ತಿದ್ದುದು ನೆನಪಾಗಿ ಸುಮ್ಮನಾದ. ಕ್ಯಾಂಪಿನಲ್ಲಿ ನಿಜಕ್ಕೂ ರಕ್ತ ಕಡಿಮೆ ಎಂದೇ ಹೇಳಿರಬಹುದು ಎಂದುಕೊಂಡ. ಗಾಜು ಒಡೆದು ತನ್ನನ್ನು ಹೊರಗೆಳೆದವನು, ಅಂಗೈ ಸೀಳಿಸಿಕೊಂಡವನು, ಗೊತ್ತಿದ್ದೂ ಹಾಗೆ ಮಾಡುವನೇ? ಮಾಡಿರಲಿಕ್ಕಿಲ್ಲ. ಮಾಡಿರಬಾರದು ದೇವರೇ ಎಂದು, ಗುಡಿಗೆ ಹೋಗಿ ಯಾವ ಕಾಲವಾಗಿತ್ತೋ ಅಂಥವನು, ಗೋಡೆಯ ಮೇಲಿನ ಕ್ಯಾಲೆಂಡರಿನ ಹನುಮಪ್ಪನಿಗೆ ಕೈ ಮುಗಿದ.

ಭಾನುವಾರ ಮೌನೇಶ ಬಂದ. ನೋಡಲು ಬರುವವರಿಗೆ ಅದೇ ದಿನ. ಕಾಗದದಲ್ಲಿ ಕಟ್ಟಿಸಿಕೊಂಡ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ನೀರಿನ ಬಾಟಲಿ. ಇನ್ನಷ್ಟು ಬಡಕಲಾಗಿದ್ದ, ತುಂಬು ತೋಳಿನ ಅಂಗಿ ಹಾಕಿದ್ದ. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತರು.

"ಭಾಳ ಚೊಲೋ ಆಗೀಯಲೇ. ಮುಖದಾಗ ಕಳಿ ಬಂದೈತಿ" ಎಂದ ಮೌನೇಶ.

ಹನುಮೇಶ ಮಿರ್ಚಿ ಮುಟ್ಟಲಿಲ್ಲ. "ರಕ್ತ ತೋರಿಸಿದೆ. ನನಗ ಐತಂತ" ಎಂದ.

ಏನು ಐತಿ ಎಂದು ಮೌನೇಶ ಕೇಳುತ್ತಾನೆಂದು ಕಾದ. ಆ ಒಂದು ಪ್ರಶ್ನೆಯನ್ನು ಅವನು ಕೇಳಿದ್ದರೆ ಸಾಕಿತ್ತು, ಹನುಮೇಶ ಉಳಿದದ್ದನ್ನೆಲ್ಲ ನುಂಗಿಕೊಂಡು ಅವನನ್ನು ಅಪ್ಪಿಕೊಳ್ಳುತ್ತಿದ್ದ. ಮೌನೇಶ ಮಂಡಕ್ಕಿಯಲ್ಲಿ ಬೆರಳಾಡಿಸಿದ. ತಲೆ ಎತ್ತಲಿಲ್ಲ.

"ಗುಳಿಗಿ ಸುರು ಮಾಡ್ಯಾರೇನು?" ಎಂದ. "ದಿನಾ ತಗೊಂಡ್ರ ಏನಾಗಂಗಿಲ್ಲಂತ. ಪುಕ್ಕಟ ಕೊಡ್ತಾರಂತ."

"ನಿನಗ್ಯಾರು ಹೇಳಿದ್ರಲೇ?"

ಮೌನೇಶ ಬೆರಳಿಗಂಟಿದ ಮಂಡಕ್ಕಿ ಕೊಡವಿದ.

"ಆ ಕ್ಯಾಂಪಿನ್ಯಾಗ ಹೇಳಿದ್ರಲ್ಲ? ನಿನಗ ಗೊತ್ತಿತ್ತು. ಹೌದಲ್ಲಲೇ? ಗೊತ್ತಿದ್ದು ಗೊತ್ತಿದ್ದು ನನಗ ಹಾಕೀದಿ."

"ತೊಳದೀನಲ್ಲೋ" ಎಂದ ಮೌನೇಶ. ಅವನ ದನಿ ಅಳುವಂತಾಗಿತ್ತು. "ಎರಡೆರಡು ಸಲ ತೊಳದೀನಿ ಹನುಮ್ಯಾ. ನಿನ್ನಾಣಿ. ಒಂದಿನಾನೂ ತೊಳೀದ ಕೊಟ್ಟಿಲ್ಲ."

"ಹೇಳಬೇಕಾಗಿತ್ತಲ್ಲ."

"ಹೇಳಿದ್ರ ನೀ ನನ್ನ ಜೋಡಿ ಕೂಡ್ತಿದ್ದೇನು? ಎಂಜಲ ಬಾಟ್ಲಿ ಎಸದಂಗ ಎಸೀತಿದ್ದಿ. ನಿನ್ನ ಬಿಟ್ರ ನನಗ್ಯಾರದಾರಲೇ? ತುಳಸಿ ಉಂಡಿ ಕಟ್ತಿದ್ಲೇನು ಆಮ್ಯಾಲ?"

ಹನುಮೇಶ ಎಸೆಯುತ್ತಿದ್ದನೋ ಏನೋ. ಆದರೆ ಅವನೊಳಗೆ ಇನ್ನೊಂದು ಪ್ರಶ್ನೆ ಕುದಿಯುತ್ತಿತ್ತು, ಇಡೀ ವಾರ ಅವನನ್ನು ಮಲಗಗೊಡದ ಪ್ರಶ್ನೆ.

"ಹೇಳಬ್ಯಾಡ, ಬಿಡು. ಮೊದಲ ನನಗ ಹಾಕಿ ಆಮ್ಯಾಲ ನೀ ತಗೋಬಹುದಿತ್ತಲ್ಲಲೇ? ಅಷ್ಟು ಮಾಡಿದ್ರ ನಾ ಉಳೀತಿದ್ನೋ ಏನೋ. ಸೂಜಿ ತೊಳಿಯಾಕ ಬುದ್ಧಿ ಓಡಿಸಿದಾವಗ ಇದ್ಯಾಕ ತಿಳೀಲಿಲ್ಲ?"

ಮೌನೇಶ ತನ್ನ ಅಂಗೈಯ ಗೆರೆಯನ್ನು ಹೆಬ್ಬೆರಳಿನಿಂದ ತಿಕ್ಕಿಕೊಂಡ.

"ತಡಕೊಳ್ಳಾಕ ಆಗ್ತಿರಲಿಲ್ಲೋ" ಎಂದ. "ಕೈ ನಡಗತಿತ್ತು. ಮೊದಲ ನನಗ ಬೇಕಾಗ್ತಿತ್ತು."

ಇಷ್ಟೇ. ಮಾಲು ಹೇಗಿದೆಯೋ ನೋಡುವುದಕ್ಕಲ್ಲ, ಏನಾದರೂ ಆದರೆ ತನಗಾಗಲಿ ಎಂದಲ್ಲ. ಮೊದಲು ತನಗೆ ಬೇಕಾಗಿತ್ತು, ತೆಗೆದುಕೊಂಡ. ಇಷ್ಟು ವರ್ಷ ಹನುಮೇಶ ಯಾವುದನ್ನು ಪ್ರೀತಿ ಎಂದು ಎದೆಯೊಳಗೆ ಕಟ್ಟಿಟ್ಟುಕೊಂಡಿದ್ದನೋ, ಕೆಲಸ ಹೋದಾಗ, ಹೆಂಡತಿ ಹೋದಾಗ ಯಾವುದನ್ನು ನೆನೆಸಿಕೊಂಡು ಸಮಾಧಾನ ಪಟ್ಟಿದ್ದನೋ, ಅದು ಒಬ್ಬ ಚಟಗಾರನ ಅವಸರವಾಗಿತ್ತು. ರೋಗ ಬಂದದ್ದಕ್ಕಿಂತ ಇದು ಅವನಿಗೆ ಹೆಚ್ಚು ಉರಿಯಿತು. ನಂಬಿಸಿ ಕತ್ತು ಕೊಯ್ಯುವುದೆಂದರೆ ಕೋಪದಿಂದ, ಹೊಟ್ಟೆಕಿಚ್ಚಿನಿಂದ ಮಾಡುವುದೆಂದು ಅವನು ತಿಳಿದಿದ್ದ. ಇಲ್ಲಿ ಅದೂ ಇರಲಿಲ್ಲ. ಅವನನ್ನು ದ್ವೇಷಿಸಲಿಕ್ಕೂ ಮೌನೇಶ ಪುರುಸೊತ್ತು ಮಾಡಿಕೊಂಡಿರಲಿಲ್ಲ.

ಹೊಡೆಯಬೇಕೆನಿಸಿತು. ಅವನ ಕೈಯೂ ಎದ್ದಿತು. ಎದುರಿಗೆ ಕುಳಿತವನ ತೋಳು ಅಂಗಿಯೊಳಗೆ ಕಡ್ಡಿಯಂತಿತ್ತು, ಕೈ ಇಳಿಯಿತು.

"ನೀ ಗುಳಿಗಿ ತಗೊಂತೀಯೇನು?" ಎಂದು ಕೇಳಿದ.

"ಇಲ್ಲ. ದವಾಖಾನ್ಯಾಗ ಯಾರಾರ ನೋಡಿದ್ರ? ನಮ್ಮೂರಾಗ ಗೊತ್ತಾದ್ರ?"

"ಗುರುವಾರ ಒಬ್ಬಾಕಿ ಅಕ್ಕಾರು ಬರ್ತಾರ ಇಲ್ಲೆ. ಅವರ ಹತ್ರ ಮಾತಾಡು. ಯಾರಿಗೂ ಹೇಳಂಗಿಲ್ಲ ಅವರು." ಹನುಮೇಶ ಎದ್ದು ನಿಂತ. "ನನ್ನ ನೋಡಾಕಂತ ಮಾತ್ರ ಬರಬ್ಯಾಡ."

ಮೌನೇಶ ಕಣ್ಣೊರೆಸಿಕೊಂಡ. ಏನು ಮಾಡಬೇಕೆಂದು ತೋಚದೆ ಬಾಟಲಿಯ ಮುಚ್ಚಳ ತೆಗೆದು, ತಲೆ ಹಿಂದಕ್ಕೆ ಹಾಕಿ, ತುಟಿಗೆ ತಾಗದಂತೆ ಎತ್ತಿ ಎರಡು ಗುಟುಕು ಕುಡಿದ. ಆಮೇಲೆ ಅದನ್ನು ಹನುಮೇಶನ ಕಡೆ ಚಾಚಿದ.

"ನೀರರ ಕುಡಿ. ಎಂಜಲ ಮಾಡಿಲ್ಲ."

ಹನುಮೇಶ ಆ ಬಾಟಲಿಯನ್ನೇ ನೋಡಿದ.

"ಎಂಜಲದಿಂದ ಬರಂಗಿಲ್ಲಲೇ ಅದು" ಎಂದು ಹೇಳಿ ಒಳಗೆ ಹೋದ.

ಮುಂದಿನ ಗುರುವಾರ ಮೌನೇಶ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಬೇವಿನ ಮರದ ಕಡೆ ನೋಡಬಾರದು ಎಂದುಕೊಂಡೇ ಹನುಮೇಶ ಎರಡೂ ದಿನ ಕಿಟಕಿಯ ಪಕ್ಕ ಕುಳಿತ. ಅದು ಕೋಪವೋ ಕಾಯುವಿಕೆಯೋ ಅವನಿಗೇ ಬಗೆಹರಿಯಲಿಲ್ಲ. ತುಳಸಿಗೆ ಫೋನಿನಲ್ಲಿ ಎಲ್ಲ ಹೇಳಿದ. "ಹೋದ ಪಂಚಮಿಗೂ ಉಂಡು ಹೋದ್ನಲ್ರಿ" ಎಂದಳು ಅವಳು. ಅದಕ್ಕಿಂತ ಹೆಚ್ಚು ಅವಳೂ ಬೈಯಲಿಲ್ಲ.

ಕೇಂದ್ರ ಬಿಡುವ ಕಾಲ ಬಂದ ಮೇಲೂ ಹನುಮೇಶ ಗುರುವಾರದ ಕ್ಲಾಸಿಗೆ ಬರುವುದನ್ನು ನಿಲ್ಲಿಸಲಿಲ್ಲ. ಬೀಟ್‌ರೂಟ್ ನೀರಿನ ಪಾತ್ರೆ ಹಿಡಿಯುವುದು, ಲೋಟ ಜೋಡಿಸುವುದು ಅವನ ಪಾಲಿಗೆ ಬಂತು. ರೇಣುಕಾದೇವಿ ಒಂದು ದಿನ ಸಿರಿಂಜನ್ನೂ ಅವನ ಕೈಗೇ ಕೊಟ್ಟಳು. ಅವತ್ತು ಕಂಪ್ಲಿಯ ಕಡೆಯ ಅಕ್ಕಿಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಲಿಂಗರಾಜ್ ಎಂಬ ದೊಡ್ಡ ಮೈಯ ಮನುಷ್ಯ ಹೊಸದಾಗಿ ಸೇರಿದ್ದ. ಕೈಕಟ್ಟಿ ಕುಳಿತು ಎಲ್ಲವನ್ನೂ ಅಸಡ್ಡೆಯಿಂದ ನೋಡುತ್ತಿದ್ದ.

"ನಮ್ದೇನ್ ಚಿಂತಿಲ್ರಿ" ಎಂದ ಲಿಂಗರಾಜ್. "ನನ್ನ ದೋಸ್ತ ಭಾಳ ನೀಟ್ ಮನುಷ್ಯ. ಪ್ರತಿ ಸಲ ತೊಳದ ಕೊಡ್ತಾನ."

ಹನುಮೇಶನ ಕೈಯಲ್ಲಿದ್ದ ಸಿರಿಂಜು ಲೋಟದ ಮೇಲೆ ಹಾಗೇ ನಿಂತಿತು.

"ಯಾವಾಗಿಂದ ತೊಳಿಯಾಕತ್ಯಾನ್ರಿ?" ಎಂದು ಹನುಮೇಶ ಮೆಲ್ಲಗೆ ಕೇಳಿದ.

"ಯಾವಾಗಿಂದ ಅಂದ್ರ..." ಲಿಂಗರಾಜ್ ನಗುತ್ತಲೇ ನೆನಪು ಮಾಡಿಕೊಳ್ಳತೊಡಗಿದ. "ಮೊದಲೆಲ್ಲ ತೊಳೀತಿದ್ದಿಲ್ಲ ಬಿಡ್ರಿ. ಈಗ ಈ ಉಗಾದಿಗೆ ಅವ ದವಾಖಾನಿಗೆ ಹೋಗಿ ಬಂದಮ್ಯಾಲ..." ಎಂದವನು ಅಲ್ಲಿಗೇ ನಿಂತ. ಕಟ್ಟಿದ್ದ ಕೈ ಬಿಚ್ಚಿತು. ಹನುಮೇಶ ಸಿರಿಂಜನ್ನು ಕೆಳಗಿಟ್ಟು, ಅವನ ಪಕ್ಕಕ್ಕೆ ಹೋಗಿ ಕುಳಿತ.